ಇನ್ನೂ ಹುಟ್ಟದವನ ಹೆಂಡತಿ

ದಬ್ಬೇಘಟ್ಟದಿಂದ ತೋಟಗಳ ನಡುವಿನ ಗಾಡಿದಾರಿ ಹಿಡಿದು ಹೋದರೆ ನಮ್ಮ ಊರು. ನಾನು ಆ ಮನೆಗೆ ಚಿಕ್ಕ ಸೊಸೆಯಾಗಿ ಬಂದಾಗ ಓದಲು ಬರುವ ಹೆಂಗಸು ಇಡೀ ಬೀದಿಗೆ ನಾನೊಬ್ಬಳೇ. ಮಧ್ಯಾಹ್ನದ ಪಾತ್ರೆ ಬೆಳಗಿ ಮುಗಿದ ಮೇಲೆ ಅಕ್ಕಪಕ್ಕದ ಹೆಂಗಸರೆಲ್ಲ ನಮ್ಮ ಜಗಲಿಗೆ ಬಂದು ಕೂತು, ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದರು. ನಾನು ಕೂತು ವಾರಪತ್ರಿಕೆ ಓದಬೇಕು. ಎಲ್ಲರ ಬೆರಳೂ ಗರಿಯ ಅಂಚಿಗೆ ಗೀರಿಕೊಂಡು ಉರಿಯುತ್ತಿದ್ದಾಗ ನನ್ನ ಕೈಗೆ ಮಾತ್ರ ಕಾಗದ ಸಿಕ್ಕಿತ್ತು. ಮೇಲಿರುವ ಶಿವ ನನಗೆ ಆ ಮನೆಯಲ್ಲಿ ಮೊದಲು ತೋರಿಸಿದ ದಯೆ ಅದು ಎಂದು ಈಗಲೂ ಅಂದುಕೊಳ್ಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಪತ್ರಿಕೆಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಕೆರೆ ಅಳೆಯಲು ಬಂದ ಇಂಜಿನಿಯರ್ ಹುಡುಗನೊಬ್ಬ ಬೇಸಿಗೆಯಲ್ಲಿ ಒಣಗಿದ ತೂಬಿನೊಳಗೆ ಇಳಿಯುತ್ತಾನೆ. ಆ ಬದಿಯಿಂದ ಹೊರಗೆ ಬಂದು ನೋಡಿದರೆ ಅದೇ ಕೆರೆ, ಅದೇ ಏರಿ, ಆದರೆ ಕಾಲ ಮಾತ್ರ ನೂರೈವತ್ತು ವರ್ಷ ಹಿಂದೆ. ಅಲ್ಲಿ ಊರ ಗೌಡನ ಮಗಳನ್ನು ಕಾಣುತ್ತಾನೆ, ಮನಸ್ಸು ಕೊಡುತ್ತಾನೆ, ಕೊನೆಗೆ ತಾಳಿಯನ್ನೂ ಕಟ್ಟುತ್ತಾನೆ. ಮನುಷ್ಯ ಅಷ್ಟು ಹಿಂದಕ್ಕೆ ಹೋದದ್ದು ಹೇಗೆ ಎಂದು ನಮ್ಮ ಜಗಲಿಯಲ್ಲಿ ಒಬ್ಬರೂ ಕೇಳಲಿಲ್ಲ. ದೇವರು ಮನಸ್ಸು ಮಾಡಿದರೆ ತೂಬಿನಲ್ಲಿ ಏನು ಬೇಕಾದರೂ ಹೋಗುತ್ತದೆ ಎಂದು ಅತ್ತೆ ಅಂದಿದ್ದೇ ಆ ಪ್ರಶ್ನೆ ಮುಗಿದುಹೋಯಿತು. ನಮ್ಮವರಿಗೆ ಕಷ್ಟಕ್ಕಿಟ್ಟುಕೊಂಡದ್ದು ಬೇರೆ. ಹುಡುಗನೂ ಆ ಊರಿನವನೇ ಎಂದು ಬರೆದಿದ್ದರು. ಹಾಗಾದರೆ ಈ ಹುಡುಗಿ ಅವನಿಗೆ ಯಾವ ವರಸೆ?

"ಮುತ್ತಜ್ಜಿನೋ, ಮುತ್ತಜ್ಜಿ ಅವ್ವನೋ ಆಗ್ಬಿಟ್ರೆ ಏನೇ ಗತಿ?" ಎಂದು ಎದುರುಮನೆಯವಳು ನನ್ನನ್ನೇ ಗದರಿಸುವವಳ ಹಾಗೆ ಕೇಳಿದಳು. ಅವಳ ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು.

"ಅಷ್ಟು ಓದಿದೋನು, ತಾಳಿ ಕಟ್ಟಕ್ ಮುಂಚೆ ಅವ್ರ ತಾತನ ತಾತನ ಮನೆ ಹುಡುಕ್ಕಂಡೋಗಿ ಒಂದ್ಮಾತು ಕೇಳ್ಬಾರ್ದಾಗಿತ್ತಾ? ಅದೇ ಊರಾಗೇ ಇರ್ತಾರಲ್ಲ," ಎಂದರು ಅತ್ತೆ.

ಒಂದು ವಾರ ಪೂರ್ತಿ ಇದೇ ಚಿಂತೆ. ಮುಂದಿನ ಸಂಚಿಕೆಯಲ್ಲಿ, ಗೌಡನ ಮನೆಯವರು ಬೇರೆ ಸೀಮೆಯಿಂದ ಬಂದು ನೆಲೆಸಿದವರು ಎಂಬ ಒಂದು ಸಾಲು ಸಿಕ್ಕಿತು. ಆ ಸಾಲನ್ನು ನನ್ನಿಂದ ಮತ್ತೆ ಓದಿಸಿಕೊಂಡು, ಅಬ್ಬ ಎಂದು ಎಲ್ಲರೂ ಕಾಲು ಚಾಚಿದರು. ಕಥೆ ಬರೆದವರಿಗೆ ಆ ಸಾಲಿನ ಬೆಲೆ ಗೊತ್ತಿತ್ತೋ ಇಲ್ಲವೋ.

ಜಗಲಿಯ ಕಂಬದ ಆಚೆ, ನೆರಳಿರುವ ಕಡೆ ಕೂರುತ್ತಿದ್ದವಳು ನಮ್ಮ ಅಕ್ಕ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಓರಗಿತ್ತಿ, ಆ ಮನೆಯ ಹಿರಿಸೊಸೆ. ಭಾವನವರು ನಾನು ಬರುವ ಮೊದಲೇ ಕೊಬ್ಬರಿ ಲಾರಿಯ ಜೊತೆ ಉತ್ತರದ ಕಡೆ ಹೋದವರು. ದಾರಿಯಲ್ಲಿ ಎಲ್ಲೋ ಚಹಾಕ್ಕೆ ನಿಲ್ಲಿಸಿದಾಗ ಇಳಿದರಂತೆ, ಮತ್ತೆ ಲಾರಿ ಹತ್ತಲಿಲ್ಲ. ಹುಡುಕಿದ್ದು, ಶಾಸ್ತ್ರ ಕೇಳಿದ್ದು, ಹರಕೆ ಹೊತ್ತದ್ದು ಎಲ್ಲ ಆಗಿತ್ತು. ಇದ್ದಾರೆ ಎನ್ನಲು ಸುದ್ದಿಯಿಲ್ಲ, ಇಲ್ಲ ಎನ್ನಲು ದೇಹವಿಲ್ಲ. ಅಕ್ಕ ಕುಂಕುಮ ಇಟ್ಟುಕೊಂಡು, ಬಳೆ ತೊಟ್ಟು, ಯಾರ ಕಣ್ಣಿಗೂ ಬೀಳದ ಹಾಗೆ ಕೆಲಸ ಮಾಡಿಕೊಂಡಿದ್ದಳು.

ಆದರೆ ನಮ್ಮ ಕಡೆ ಒಂದು ಪದ್ಧತಿ ಇತ್ತು. ಹನ್ನೆರಡು ವರ್ಷ ಸುದ್ದಿಯಿಲ್ಲದವರನ್ನು ತೀರಿಕೊಂಡವರೆಂದೇ ತಿಳಿದು, ಅವರ ಹೆಸರಿನಲ್ಲಿ ಬೊಂಬೆ ಮಾಡಿ, ಆ ಬೊಂಬೆಯನ್ನು ಮಣ್ಣು ಮಾಡಿ, ತಿಥಿ ಮುಗಿಸುವುದು. ಅವತ್ತೇ ಹೆಂಡತಿಯ ಕುಂಕುಮವೂ ಹೋಗುತ್ತದೆ. ಅಕ್ಕನಿಗೆ ಆ ವಾಯಿದೆ ಹತ್ತಿರ ಬರುತ್ತಿತ್ತು. ಜನ ಆಗಲೇ ಲೆಕ್ಕ ಹಾಕತೊಡಗಿದ್ದರು. ಒಂದು ಮನೆಯ ಹಬ್ಬದಲ್ಲಿ ಎಲ್ಲರ ಹಣೆಗೂ ತಾವೇ ಕುಂಕುಮ ಹಚ್ಚುತ್ತ ಬಂದವರು, ಅಕ್ಕನ ಮುಂದೆ ಮಾತ್ರ ತಟ್ಟೆ ಇಟ್ಟು, ನೀನೇ ಇಟ್ಕಳವ್ವ ಎಂದು ಮುಂದಕ್ಕೆ ಹೋದರು. ಅಕ್ಕ ಇಟ್ಟುಕೊಂಡಳು. ಅಲ್ಲಿಂದಾಚೆಗೆ ಯಾರ ಮನೆ ಹಬ್ಬ ಎಂದರೂ ಅಕ್ಕನಿಗೆ ಅಂದೇ ತೋಟದಲ್ಲಿ ಕೆಲಸ ಇರುತ್ತಿತ್ತು.

ಕಥೆ ಮುಂದುವರಿದು, ಮಳೆ ಹುಯ್ದು, ಕೆರೆ ತುಂಬುವ ಹೊತ್ತಿಗೆ ಆ ಹುಡುಗ ತೂಬಿಗೆ ಇಳಿದವನು ನೀರಿನ ಸೆಳವಿಗೆ ಸಿಕ್ಕಿ ತನ್ನ ಕಾಲಕ್ಕೇ ಬಂದು ಬೀಳುತ್ತಾನೆ. ಮತ್ತೆ ಹೋಗಲು ದಾರಿಯಿಲ್ಲ. ಹುಡುಗಿ ಅಲ್ಲಿ, ಇವನು ಇಲ್ಲಿ. ಆ ಪುಟಕ್ಕೆ ಬಂದಾಗ ನನ್ನ ದನಿ ತಾನಾಗಿ ಇಳಿಯಿತು. ಓದಲೋ ಬಿಡಲೋ ಎಂದು ಕಂಬದ ಕಡೆ ನೋಡಿದೆ. ಅಕ್ಕ ತಲೆ ಎತ್ತದೆ, "ಓದು," ಎಂದಳು.

ಓದಿ ಮುಗಿಸಿದ ಮೇಲೆ ಎದುರುಮನೆಯವಳೇ ಬಾಯಿ ಬಿಟ್ಟಳು. "ಈಗ ಅವ್ಳು ಮುತ್ತೈದೆನೋ ಅಲ್ವೋ?"

ಗಂಡನೇ ಇಲ್ಲವಲ್ಲ ಎಂದು ಮೂಲೆಯಿಂದ ಯಾರೋ ಅಂದರು.

"ಇಲ್ಲ ಅಂದ್ರೆ ಸತ್ತೋದ ಅಂತಾನಾ? ಅವ್ನಿನ್ನೂ ಹುಟ್ಟೇ ಇಲ್ಲ ಕಣೇ. ಹುಟ್ಟದೇ ಇರೋನು ಸಾಯೋದೆಂಗೆ?"

"ಹುಟ್ಟದೇ ಇರೋನು ತಾಳಿ ಕಟ್ಟಿದ್ದೆಂಗೆ ಮತ್ತೆ?"

ಎದುರುಮನೆಯವಳೂ ಸೇರಿ ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ ಸ್ವತಃ ಕುಂಕುಮ ಕಳೆದುಕೊಂಡವರು. ಮಾವನವರು ತೀರಿಕೊಂಡಾಗ ಊರು ಹೇಳಿದ್ದನ್ನೆಲ್ಲ ತುಟಿ ಎರಡು ಮಾಡದೆ ನಡೆಸಿದವರು. ನಿಯಮ ಎಂದರೆ ನಿಯಮ ಎನ್ನುವ ಜೀವ.

"ಕಟ್ಟಿದ್ದು ಕಟ್ಟಿದ್ದೇ," ಎಂದರು ಅತ್ತೆ. "ತಾಳಿಗೇನು ಇಸ್ವಿ ಗೊತ್ತಾ?"

ಆ ಮಾತು ಎಲ್ಲರಿಗೂ ಹಿಡಿಸಿತು. ಮುಂದಿನ ಕಂತುಗಳಲ್ಲಿ ಕಥೆ ಬರೆದವರೂ ಅತ್ತೆಯ ಮಾತು ಕೇಳಿಸಿಕೊಂಡವರ ಹಾಗೆಯೇ ನಡೆಸಿದರು. ಆ ಹುಡುಗಿ ಕುಂಕುಮ ಅಳಿಸಲಿಲ್ಲ, ಹಣ್ಣುಹಣ್ಣು ಮುದುಕಿಯಾಗಿ ಮುತ್ತೈದೆಯಾಗಿಯೇ ಕಣ್ಣು ಮುಚ್ಚಿದಳು. ಕೊನೆಯ ಕಂತು ಓದಿದ ದಿನ ನಮ್ಮ ಜಗಲಿ ಹೆರಿಗೆ ಸಲೀಸಾಗಿ ಆದ ಮನೆಯ ಹಾಗಿತ್ತು. ಎದುರುಮನೆಯವಳು ಬೆಲ್ಲ ತಂದು ಹಂಚಿದಳು.

ಆ ಸಂಜೆ ಒರಳಿನ ಮುಂದೆ ಇಬ್ಬರೇ ಇದ್ದಾಗ, ಕಥೆ ಚೆನ್ನಾಗಿ ಮುಗೀತಲ್ಲಕ್ಕ ಎಂದೆ. ಅಕ್ಕ ರುಬ್ಬುತ್ತಲೇ ಇದ್ದಳು. ಆಮೇಲೆ ಹಿಟ್ಟು ಒಳಕ್ಕೆ ತಳ್ಳುತ್ತ ಹೇಳಿದಳು. "ಅವ್ಳಿಗೆ ಅವ್ನು ಎಲ್ಲೋದ ಅಂತ ಗೊತ್ತಿತ್ತು ಕಣೇ."

ಎಲ್ಲರೂ ಕುಂಕುಮದ ಲೆಕ್ಕ ಹಾಕುತ್ತಿದ್ದಾಗ, ಅವಳು ಇಷ್ಟು ದಿನ ಆ ಕಥೆಯಲ್ಲಿ ನೋಡುತ್ತಿದ್ದದ್ದು ಅದನ್ನು.

ಕಥೆ ಮುಗಿದು ಎರಡು ಕೊಬ್ಬರಿ ಸುಗ್ಗಿ ಕಳೆದಿರಬೇಕು. ತುರುವೇಕೆರೆಯ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಪೋಸ್ಟರ್ ನೋಡಿದೆವೆಂದು ಯಾರೋ ಸುದ್ದಿ ತಂದರು. ನಮ್ಮ ಕಥೆ ಸಿನಿಮಾ ಆಗಿತ್ತು. ಅದೇ ದಿನಗಳಲ್ಲಿ ಶೆಟ್ಟಿಕೆರೆಯಿಂದ ದೊಡ್ಡಮಾವನವರೂ ಬಂದರು. ಮಾವನವರ ಅಣ್ಣ, ಮನೆತನಕ್ಕೆ ಹಿರಿಯರು. ಕೆಟ್ಟವರೇನೂ ಅಲ್ಲ. ಕಾರ್ಯ ಕಾಣದ ಜೀವ ಅಲೆಯುತ್ತದೆ, ಅಣ್ಣತಮ್ಮಂದಿರ ಮಕ್ಕಳಿಗೆ ಅದು ಒಳ್ಳೆಯದಲ್ಲ ಎಂದು ನಿಜವಾಗಿಯೂ ನಂಬಿದ್ದರು. ಹನ್ನೆರಡು ತುಂಬಿತು, ಆಷಾಢದಲ್ಲೇ ಮುಗಿಸೋಣ, ಶ್ರಾವಣ ಬಂದರೆ ಹಬ್ಬಗಳು ಶುರುವಾಗುತ್ತವೆ ಎಂದರು. ಅಮಾವಾಸ್ಯೆಗೆ ಮುಂಚೆ ಬಂದು ದಿನ ಇಡುವುದಾಗಿ ಹೇಳಿ ಹೋದರು. ಅತ್ತೆ ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ನಮ್ಮ ಯಜಮಾನರು ಅಣ್ಣನ ವಿಷಯ ಎತ್ತಿದರೆ ಎದ್ದು ತೋಟಕ್ಕೆ ಹೋಗಿಬಿಡುವವರು.

ಮಾರನೆಯ ವಾರ ಅತ್ತೆಯೇ ಸಿನಿಮಾದ ಮಾತು ತೆಗೆದರು. ಎಲ್ಲರೂ ತಿಪಟೂರಿಗೆ ಹೋಗೋಣ, ಹಿರಿಸೊಸೆಯೂ ಬರಲಿ ಎಂದರು. ಸಿನಿಮಾ ಎಂದರೆ ಮುಖ ಸಿಂಡರಿಸುವ ಹೆಂಗಸು ಹೀಗಂದದ್ದು ನನಗೆ ಆಶ್ಚರ್ಯ. ಹೊರಡುವ ದಿನ ಬೆಳಿಗ್ಗೆ ಅವರು ಒಂದು ಮಾರು ಕನಕಾಂಬರ ತರಿಸಿ, ಅಕ್ಕನನ್ನು ಕೂರಿಸಿಕೊಂಡು, ಬೇಡವೆಂದರೂ ಬಿಡದೆ ಜಡೆಗೆ ಮುಡಿಸುವಂತೆ ನನ್ನ ಕೈಲಿ ಕೊಟ್ಟರು. ಆಗ ನನಗೆ ಅರ್ಥವಾಯಿತು. ಅತ್ತೆ ಮನಸ್ಸಿನಲ್ಲಿ ದೊಡ್ಡಮಾವನವರಿಗೆ ಒಪ್ಪಿಕೊಂಡಾಗಿತ್ತು. ಅಕ್ಕ ಹೂ ಮುಡಿದು ನಾಲ್ಕು ಜನರ ನಡುವೆ ಹೋಗಿ ಬರಲು ಇದೊಂದೇ ಸಲ ಎಂದು ಕರೆದುಕೊಂಡು ಹೊರಟಿದ್ದರು. ಅಕ್ಕನಿಗೂ ಗೊತ್ತಿತ್ತು ಅನಿಸುತ್ತದೆ. ಸುಮ್ಮನೆ ಕತ್ತು ಬಗ್ಗಿಸಿ ಕೂತಳು.

ಬಸ್ಸಿನಲ್ಲಿ ಎಲ್ಲರಿಗೂ ಜಾಗ ಸಿಕ್ಕಿತು. ಅದನ್ನೂ ನಾನು ದಯೆಯ ಲೆಕ್ಕಕ್ಕೇ ಸೇರಿಸುತ್ತೇನೆ, ಏಕೆಂದರೆ ಅವತ್ತು ನಾವು ಯಾರೂ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ.

ಮ್ಯಾಟಿನಿಗೆ ಸುತ್ತಲ ಊರುಗಳ ಹೆಂಗಸರೆಲ್ಲ ಬಂದಿದ್ದರು. ಎಲ್ಲರೂ ಕಥೆ ಓದಿದವರು, ಇಲ್ಲವೇ ಓದಿಸಿ ಕೇಳಿದವರು. ಪರದೆಯ ಮೇಲೆ ಏನು ಬಂದರೂ ಹೀಗಲ್ಲ ಹಾಗೆ ಎಂದು ಹೇಳಲು ಕಾದು ಕೂತಿದ್ದರು. ನಾವೆಲ್ಲ ಅದು ನಮ್ಮ ಕೆರೆಯೇ ಎಂದುಕೊಂಡಿದ್ದೆವು, ಸಿನಿಮಾದ ಊರಿನಲ್ಲಿ ಒಂದು ತೆಂಗಿನ ಮರವೂ ಇರಲಿಲ್ಲ. ತೂಬನ್ನು ಬಿಟ್ಟು ಗುಡುಗು ಸಿಡಿಲು ತಂದಿದ್ದರು, ಹುಡುಗ ಬುಗುರಿಯ ಹಾಗೆ ಗಿರಗಿರ ತಿರುಗಿ ಹಿಂದಿನ ಕಾಲಕ್ಕೆ ಬಿದ್ದ. ನಾಯಕಿ ಕತ್ತಿ ಹಿಡಿದು ಕಾಯಿ ಒಡೆಯಲು ಬಂದಾಗ ಇಡೀ ಹೆಂಗಸರ ಸಾಲು ನಕ್ಕಿತು. "ಬೆರಳು ಹೋಯ್ತದೆ ಕಣವ್ವ, ತಿರುಗ್ಸಿ ಹಿಡ್ಕ," ಎಂದು ಎದುರುಮನೆಯವಳು ಬುದ್ಧಿ ಹೇಳಿದಳು. ಗೌಡನ ಮನೆಯವರು ಬೇರೆ ಸೀಮೆಯವರು ಎಂಬ ಸಾಲನ್ನೇ ಬಿಟ್ಟುಬಿಟ್ಟಿದ್ದರು. ನಮ್ಮ ಹಿಂದೆ ಕೂತಿದ್ದ ಒಂದು ಅಜ್ಜಿ ಆ ಮದುವೆಯನ್ನು ಕೊನೆಯವರೆಗೂ ಒಪ್ಪಲಿಲ್ಲ.

ಇಂಟರ್ವಲ್ ಆದಮೇಲೆ ಕಥೆಯಲ್ಲಿ ಇಲ್ಲದ್ದು ಬಂತು. ಗಂಡ ಬರಲಿಲ್ಲವೆಂದು ಊರ ಹಿರಿಯರು ಸೇರಿ, ಹುಲ್ಲಿನ ಬೊಂಬೆ ಮಾಡಿ ಪಂಚೆ ಉಡಿಸಿ ಮಲಗಿಸಿದರು. ಆ ಹುಡುಗಿಯನ್ನು ಎಳೆದು ತಂದು ಕೂರಿಸಿ ಕಲ್ಲಿನಿಂದ ಬಳೆ ಒಡೆದರು. ಹಿಂದೆ ಹಾಡು. ನಗುತ್ತಿದ್ದ ಸಾಲೆಲ್ಲ ತಣ್ಣಗಾಯಿತು. ನಾನು ಅಕ್ಕನ ಕಡೆ ತಿರುಗಲು ಹೆದರಿ ಪರದೆಯನ್ನೇ ನೋಡುತ್ತಿದ್ದೆ. ಒಂದು ಕೈ ಬಂದು ಹುಡುಗಿಯ ಹಣೆ ಒರೆಸುವ ಹೊತ್ತಿಗೆ, ನನ್ನ ಪಕ್ಕದಿಂದ ಅತ್ತೆ ಎದ್ದು ನಿಂತರು.

"ಬುಡ್ರೋ ಅವ್ಳನ್ನ," ಎಂದರು. ಕೂಗಿ ಅಲ್ಲ, ಅಂಗಳಕ್ಕೆ ಬಂದ ದನ ಗದರಿಸುವ ದನಿಯಲ್ಲಿ. "ಅವ್ನು ಹುಟ್ಟಕ್ ಮುಂಚೆನೇ ಅವನ್ನ ಮಣ್ಣು ಮಾಡ್ತೀರಾ?"

ಹಿಂದಿನ ಅಜ್ಜಿ, ಕೂತ್ಕಳವ್ವ, ಕಾಣಕಿಲ್ಲ ಎಂದಿತು. ಅತ್ತೆ ಕೂತರು. ಕೂತವರು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಭಾವ ಕಾಣೆಯಾದಾಗಲೂ ಅವರು ಅತ್ತದ್ದನ್ನು ನೋಡಿಲ್ಲವೆಂದು ಯಜಮಾನರು ಹೇಳುತ್ತಿದ್ದರು. ಅವತ್ತು ಮೈಯೆಲ್ಲ ಕುಲುಕಿ ಅತ್ತರು. ಸಮಾಧಾನ ಮಾಡಿದವಳು ಅಕ್ಕ. ಅತ್ತೆಯ ಬೆನ್ನಿನ ಮೇಲೆ ಕೈಯಿಟ್ಟು, ತಾನು ಒಂದು ಹನಿಯೂ ಹಾಕದೆ, ಸಿನಿಮಾ ಮುಗಿಯುವವರೆಗೂ ಕೂತಿದ್ದಳು. ಕೊನೆಗೆ ಆ ಹುಡುಗ ಮತ್ತೆ ಸಿಡಿಲು ಹೊಡೆಸಿಕೊಂಡು ಬಂದು ಅವಳ ಹಣೆಗೆ ಕುಂಕುಮ ಇಟ್ಟ. ಈಗ ಇಟ್ಟರೆ ಏನು ಬಂತು ಎಂದು ಹೆಂಗಸರೆಲ್ಲ ಬೈದುಕೊಂಡೇ ಎದ್ದರು.

ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಹೊಸಿಲು ದಾಟಲು ಹೋದ ನಮ್ಮನ್ನು ಅತ್ತೆ ತಡೆದರು. ಒಳಗೆ ಬರಬೇಡಿ, ಬಾವಿಯ ಹತ್ತಿರ ಹೋಗಿ ತಲೆಗೆ ನೀರು ಹಾಕಿಕೊಳ್ಳಿ ಎಂದರು. ಯಜಮಾನರು ಬಾಗಿಲಲ್ಲೇ ನಿಂತು ನಕ್ಕುಬಿಟ್ಟರು. "ಸಿನಿಮಾಕ್ಕೂ ಸೂತಕಾನಾ ಅವ್ವ?"

"ಬೊಂಬೆ ಮಲಗ್ಸಿದ್ದ ನೋಡ್ಕಂಡು ಬಂದೀವಿ. ಸುಮ್ಕಿರು."

ಆಷಾಢದ ಗಾಳಿಯಲ್ಲಿ ತಣ್ಣೀರು ಸುರಿದುಕೊಂಡು ನಡುಗುತ್ತ ಬಂದು ಒಲೆಯ ಮುಂದೆ ಕೂತೆವು. ಅತ್ತೆಯ ನರೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಉರಿ ನೋಡುತ್ತಿದ್ದವರು, ಇದ್ದಕ್ಕಿದ್ದ ಹಾಗೆ, ಕಾಗೆ ಮುಟ್ಟಿದರೆ ಏನು ಮಾಡುತ್ತಾರೆ ಎಂದು ನನ್ನನ್ನು ಕೇಳಿದರು.

ಅದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಕಾಗೆ ತಲೆಗೆ ಬಡಿದು ಹೋದರೆ ಆ ಮನುಷ್ಯನಿಗೆ ಗಂಡಾಂತರ. ಅದು ಕಳೆಯಲು, ಅವನು ಸತ್ತೇ ಹೋದನೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸುತ್ತಾರೆ. ಅವರು ನಿಜವೆಂದು ನಂಬಿ ಅಳಬೇಕು. ಅತ್ತ ಮೇಲೆ, ಇಲ್ಲ, ಚೆನ್ನಾಗಿದ್ದಾನೆ ಎಂದು ತಿಳಿಸುತ್ತಾರೆ. ಸುಳ್ಳು ಸಾವಿಗೆ ಬಿದ್ದ ಕಣ್ಣೀರು ನಿಜವಾದ ಸಾವನ್ನು ದೂರ ಕಳಿಸುತ್ತದೆ ಎಂದು ನಂಬಿಕೆ.

"ನಾನು ಅತ್ತಿದ್ದು ಆ ಹುಲ್ಲಿನ ಬೊಂಬೆಗಲ್ಲ, ನನ್ ಮಗನಿಗೆ," ಎಂದರು ಅತ್ತೆ. "ಸುಳ್ ಸಾವಿಗೆ ಹೆತ್ತೋಳು ಅತ್ತಾಯ್ತು. ಎಲ್ಲಿದ್ರೂ ಅವ್ನ ಗಂಡಾಂತರ ಕಳೀತು. ಇನ್ಮೇಲೆ ಯಾರಾದ್ರೂ ಅವನ್ನ ಮಣ್ಣು ಮಾಡ್ತೀನಿ ಅಂದ್ರೆ, ಅದು ಕಾರ್ಯ ಅಲ್ಲ, ಕೊಲೆ."

ಅಕ್ಕ ಒಲೆಗೆ ತೆಂಗಿನ ಮಟ್ಟೆ ತಳ್ಳುತ್ತಿದ್ದವಳು ಒದ್ದೆ ಸೀರೆಯಲ್ಲೇ ಅತ್ತೆಯ ಕಾಲ ಹತ್ತಿರ ಬಂದು ಕೂತು, ಸಿನಿಮಾದಲ್ಲಿ ಅಳದ್ದನ್ನೆಲ್ಲ ಅಲ್ಲಿ ಅತ್ತಳು. ನಾನು ಎದ್ದು ಸಾರಿಗೆ ಇಟ್ಟೆ. ಯಾರಾದರೂ ಅಡಿಗೆ ಮಾಡಬೇಕಿತ್ತಲ್ಲ.

ಇದು ಯಾವ ಶಾಸ್ತ್ರದಲ್ಲಿ ಇದೆಯೋ ನನಗೆ ಗೊತ್ತಿಲ್ಲ. ಸಿನಿಮಾ ನೋಡಿ ಅತ್ತರೆ ಗಂಡಾಂತರ ಕಳೆಯುವುದಾದರೆ ತಿಪಟೂರಿನಲ್ಲಿ ಯಾರೂ ಸಾಯುತ್ತಿರಲಿಲ್ಲ ಎಂದು ಯಜಮಾನರು ನನ್ನ ಹತ್ತಿರ ಮಾತ್ರ ಅಂದರು. ಅಮ್ಮನ ಮುಂದೆ ಒಂದು ಮಾತೂ ಆಡಲಿಲ್ಲ. ಅವರ ಮುಖದಲ್ಲೂ ಬಹಳ ದಿನಗಳ ಮೇಲೆ ಒಂದು ಹಗುರ ಕಂಡಿತು.

ಹೇಳಿದ ಹಾಗೆ ದೊಡ್ಡಮಾವನವರು ಅಮಾವಾಸ್ಯೆಗೆ ಮುಂಚೆ ಬಂದರು. ಪಡಸಾಲೆಯಲ್ಲಿ ಕೂತು ಕಾಫಿ ಕುಡಿಯುತ್ತ ದಿನದ ಮಾತು ತೆಗೆದರು. ಅತ್ತೆ ಎಂದಿನಂತೆ ಬಾಗಿಲ ಮರೆಯಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಿದ್ದರು. ಅಕ್ಕ ಅಡಿಗೆಮನೆಯಲ್ಲಿದ್ದಳು. ಅಲ್ಲಿಂದ ಒಂದು ಪಾತ್ರೆಯ ಸದ್ದೂ ಬರುತ್ತಿರಲಿಲ್ಲ.

"ಅದು ಆಯ್ತಲ್ಲ ಭಾವ," ಎಂದರು ಅತ್ತೆ.

"ಏನಾಯ್ತು?"

ಅತ್ತೆ ತಿಪಟೂರಿನಲ್ಲಿ ಆದದ್ದನ್ನೆಲ್ಲ ಹೇಳಿದರು. ಮನೆಗೆ ಬಂದು ನೀರು ಹಾಕಿಕೊಂಡದ್ದನ್ನೂ ಬಿಡಲಿಲ್ಲ. ದೊಡ್ಡಮಾವನವರು ಲೋಟ ಕೆಳಗಿಟ್ಟರು. ಸಿನಿಮಾದವರು ಕಾಸಿಗೆ ಆಡುವ ಆಟಕ್ಕೆ ಅತ್ತರೆ ಅದು ಲೆಕ್ಕಕ್ಕೆ ಬರುತ್ತದೆಯೇ, ಅದು ನಿಜವೇ ಎಂದು ಕೇಳಿದರು.

"ನಿಮಗೆ ಕಾಗೆ ಮುಟ್ಟಿದಾಗ ಶೆಟ್ಟಿಕೆರೆಯಿಂದ ಸುದ್ದಿ ಕಳ್ಸಿದ್ರಲ್ಲ, ಅದು ನಿಜವಾಗಿತ್ತಾ? ನಾನು, ನಿಮ್ ತಮ್ಮ, ಬಾಯ್ ಬಾಯ್ ಬಡ್ಕಂಡ್ ಅತ್ವಿ. ಇವತ್ಗೂ ಗುಂಡುಕಲ್ಲಂಗೆ ಕೂತಿದೀರಿ." ಅತ್ತೆ ದನಿ ಏರಿಸದೆಯೇ ಮುಂದುವರಿಸಿದರು. "ನಾವು ಅತ್ತು ಮುಗ್ಸಿದ್ ಮೇಲೆ ಯಾರಾದ್ರೂ ಗುದ್ದಲಿ ತಗಂಡು ನಿಮ್ಮನ್ನ ಮಣ್ಣು ಮಾಡಕ್ ಬಂದಿದ್ರೆ ಬುಡ್ತಿದ್ರಾ?"

ದೊಡ್ಡಮಾವನವರು ಎದುರುಗೋಡೆ ನೋಡಿದರು. ಮೀಸೆ ತೀಡಿಕೊಂಡರು. ನಗು ಬಂದರೂ ನಗಬಾರದೆಂದು ನಾನು ಸೆರಗು ಕಚ್ಚಿಕೊಂಡು ನಿಂತಿದ್ದೆ. ಕೊನೆಗೆ ಅವರು, ಕಾಫಿಗೆ ಬೆಲ್ಲ ಸಾಲದು ಎಂದರು. ನಾನು ಬೆಲ್ಲ ಹಾಕಿ ತಂದುಕೊಟ್ಟೆ. ಅದನ್ನು ಕುಡಿದು ಮುಗಿಸಿ, ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಒಳಗಿನ ಕಡೆ ನೋಡದೆ ಹೇಳಿದರು. "ಆಯ್ತು ಬುಡಮ್ಮ. ಹೆತ್ತೋಳು ನೀನು."

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ಮತ್ತೆ ಶುರುವಾಯಿತು.

ಭಾವ ಬರಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಸಿನಿಮಾದವರ ಹಾಗೆ ಕಾಯಿಸಬಾರದು. ಎಲ್ಲಿ ಹೋದರೆಂದು ಅಕ್ಕನಿಗೆ ಇವತ್ತಿಗೂ ಗೊತ್ತಾಗಿಲ್ಲ. ಆ ದುಃಖವನ್ನು ದೇವರು ತೆಗೆಯಲಿಲ್ಲ. ಅದರ ಮೇಲೆ ಇನ್ನೊಂದು ಹೇರದೆ ಕಾಪಾಡಿದ, ಅಷ್ಟೇ. ಅಷ್ಟಕ್ಕೇ ನಾನು ದಿನಾ ಕೈ ಮುಗಿಯುತ್ತೇನೆ.

ಆ ವರ್ಷದ ಗೌರಿ ಹಬ್ಬಕ್ಕೆ ಅಕ್ಕ ಎಂದಿನ ಹಾಗೆ ಬೆಳಿಗ್ಗೆಯೇ ತೋಟಕ್ಕೆ ಹೊರಟಿದ್ದಳು. ಅತ್ತೆ ಕುಡುಗೋಲು ಕಿತ್ತಿಟ್ಟು, ಅರಿಶಿನ ಕುಂಕುಮದ ತಟ್ಟೆಯನ್ನು ಅವಳ ಕೈಗೆ ಕೊಡುವಂತೆ ನನಗೆ ಹೇಳಿದರು. ಹಿರಿಸೊಸೆ ಇರುವಾಗ ಕಿರಿಯವಳು ಹಚ್ಚುವುದೇನು ಎಂದರು. ಬೀದಿಯ ಹೆಂಗಸರು ಬಂದರು. ಅಕ್ಕನಿಗೆ ರೂಢಿ ತಪ್ಪಿತ್ತು, ಮೊದಮೊದಲು ಕುಂಕುಮ ಹಣೆಗಿಂತ ಮೂಗಿಗೇ ಹೆಚ್ಚು ಬಿತ್ತು. ಎದುರುಮನೆಯವಳು ಎಲ್ಲರಿಗಿಂತ ಮುಂದೆ ಬಂದು ಮುಖ ಒಡ್ಡಿದಳು. ಅವಳು ಒಡ್ಡಿದ ಮೇಲೆ ಉಳಿದವರಿಗೆ ಬೇರೆ ದಾರಿಯಿರಲಿಲ್ಲ. ಹಿಂದೆ ತಟ್ಟೆ ಕೆಳಗಿಟ್ಟು ಹೋದವರೂ ಸ್ವಲ್ಪ ತಡೆದು, ಹಣೆ ಒಡ್ಡಿ ಹಚ್ಚಿಸಿಕೊಂಡು ಹೋದರು.

ಮಧ್ಯಾಹ್ನದ ಬಸ್ಸಿಗೆ ದೊಡ್ಡತ್ತೆ ಇಳಿದರು. ದೊಡ್ಡಮಾವನವರ ಹೆಂಡತಿ, ಮಾತು ಕಮ್ಮಿ. ಅವರು ಏನು ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದಾರೋ ಎಂದುಕೊಳ್ಳುತ್ತಲೇ ಕಾಲಿಗೆ ನೀರು ಕೊಟ್ಟೆ. ಕೈಕಾಲು ತೊಳೆದು ನೇರವಾಗಿ ಅಕ್ಕನ ಮುಂದೆ ಬಂದು ನಿಂತರು. ಅಕ್ಕ ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಅವರ ಹಣೆಗೆ ಹಚ್ಚಿದಳು. ದೊಡ್ಡತ್ತೆ ಅಲ್ಲಿಂದ ಕದಲಲಿಲ್ಲ.

"ಇನ್ನೊಂಚೂರು ಹಚ್ಚವ್ವ," ಎಂದರು. "ಮೊನ್ನೆಯಿಂದ ನಿಮ್ ದೊಡ್ಡಮಾವ ಎದೆನೋವು ಅಂತಾ ಅವ್ರೆ. ತಾಳಿಗೂ ಹಚ್ಚು. ನಿನ್ ಕೈದೇ ಬೇಕು ಅಂತ ಅವ್ರೇ ಬಸ್ ಹತ್ಸಿ ಕಳ್ಸಿದ್ರು."